‘ಇದೊಂದು ಮ್ಯಾಚ್’: ಆನ್‌ಲೈನ್ ಗೇಮ್‌ಗೆ ದಿನಚರಿಯಲ್ಲಿ ಜಾಗ ಗೊತ್ತುಮಾಡುವ ಕ್ರಮ

ದಾವಣಗೆರೆಯ ವಿದ್ಯಾನಗರದಲ್ಲಿ ನಾನು ಬೆಳಿಗ್ಗೆ ಆರಕ್ಕೆ ಟ್ಯೂಷನ್ ಹೇಳುತ್ತೇನೆ. ರೂಮ್ ಮಾಡಿಕೊಂಡು ಓದುವ ಹುಡುಗರು ತೂಕಡಿಸುತ್ತ ಬಂದು ಕುಳಿತಾಗ ಕಾರಣ ಕೇಳಿದರೆ, ‘ಒಂದೇ ಮ್ಯಾಚ್ ಅಂತ ಕೂತೆ ಸರ್’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲವೆಂದು ನನಗೆ ಗೊತ್ತು. ಪದವಿ ಓದುವಾಗ ಊಟಕ್ಕೆ ಕರೆದ ಅವ್ವನಿಗೆ ನಾನೂ ಇದನ್ನೇ ಹೇಳಿ, ಮುದ್ದೆ ಆರಿ ಗಟ್ಟಿಯಾದ ಮೇಲೆ ಏಳುತ್ತಿದ್ದೆ. ಈಗಲೂ ಆಡುತ್ತೇನೆ. ಆದ್ದರಿಂದ ಆಟವನ್ನು ಪೂರ್ತಿ ಬಿಡಿ ಎನ್ನುವ ಬದಲು, ಆಡುತ್ತಲೇ ಓದು, ಕೆಲಸ, ನಿದ್ದೆಗಳನ್ನು ಉಳಿಸಿಕೊಳ್ಳಲು ನನಗೂ ನನ್ನ ವಿದ್ಯಾರ್ಥಿಗಳಿಗೂ ಒದಗಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ವಾರ ಯಾವ ಬದಲಾವಣೆಯನ್ನೂ ಮಾಡದೆ ಬರೀ ಲೆಕ್ಕ ಬರೆಯಿರಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿರುವ ಡಿಜಿಟಲ್ ವೆಲ್‌ಬೀಯಿಂಗ್ ಅಥವಾ ಐಫೋನಿನ ಸ್ಕ್ರೀನ್ ಟೈಮ್ ಯಾವ ಆ್ಯಪ್ ಎಷ್ಟು ಹೊತ್ತು ತೆರೆದಿತ್ತೆಂದು ತೋರಿಸುತ್ತದೆ. ಆ ಅಂಕಿಯನ್ನು ಒಂದು ಹಾಳೆಯಲ್ಲಿ ಬರೆದು, ಅದರ ಪಕ್ಕದಲ್ಲಿ ಆ ದಿನ ಆಟದಿಂದಾಗಿ ತಪ್ಪಿದ್ದು ಏನೆಂಬುದನ್ನೂ ಬರೆಯಿರಿ: ನಿದ್ದೆಯೇ, ಊಟವೇ, ತರಗತಿಯೇ, ಅಪ್ಪನ ಅಂಗಡಿಯಲ್ಲಿ ಕೂರಬೇಕಾಗಿದ್ದ ಸರದಿಯೇ? ಗಂಟೆಗಳ ಮೊತ್ತಕ್ಕಿಂತ ಈ ಎರಡನೆಯ ಸಾಲು ಮುಖ್ಯ. ಭಾನುವಾರ ಮೂರು ಗಂಟೆ ಆಡಿಯೂ ಏನನ್ನೂ ಕಳೆದುಕೊಳ್ಳದವರಿದ್ದಾರೆ, ದಿನಕ್ಕೆ ಒಂದೇ ಗಂಟೆ ಆಡಿ ನಿದ್ದೆ ಕೆಡಿಸಿಕೊಂಡವರೂ ಇದ್ದಾರೆ.

ಎರಡನೆಯ ವಾರದಿಂದ ಮಿತಿಯನ್ನು ನಿಮಿಷಗಳಲ್ಲಿ ಹೇಳುವುದನ್ನು ಬಿಟ್ಟು ಮ್ಯಾಚಿನ ಲೆಕ್ಕದಲ್ಲಿ ಹೇಳಿ. ಕೊನೆಗೆ ಉಳಿದವರೇ ಗೆಲ್ಲುವ ಬ್ಯಾಟಲ್ ರಾಯಲ್ ಬಗೆಯ ಗೇಮಿನ ದೊಡ್ಡ ಮ್ಯಾಪಿನಲ್ಲಿ ಕೊನೆಯವರೆಗೆ ಉಳಿದರೆ ಒಂದು ಮ್ಯಾಚಿಗೆ ಸುಮಾರು ಅರ್ಧ ಗಂಟೆ ಬೇಕು, ಮತ್ತು ಸ್ಕ್ವಾಡ್‌ನ, ಅಂದರೆ ನಾಲ್ವರ ತಂಡದ, ಇನ್ನು ಮೂವರನ್ನು ನಡುವೆ ಕೈಬಿಟ್ಟು ಏಳುವುದು ಯಾರಿಗೂ ಸುಲಭವಲ್ಲ. ಹೀಗಿರುವಾಗ ‘ಹತ್ತು ಗಂಟೆಗೆ ನಿಲ್ಲಿಸುತ್ತೇನೆ’ ಎಂದು ಸಂಕಲ್ಪ ಮಾಡಿ, ಒಂಬತ್ತು ಐವತ್ತಕ್ಕೆ ಹೊಸ ಮ್ಯಾಚ್ ಶುರು ಮಾಡಿದವನು ಹತ್ತಕ್ಕೆ ನಿಲ್ಲಿಸಲಾರ. ನಿಲ್ಲಿಸುವ ನಿರ್ಧಾರ ನಿಜವಾಗಿ ನಡೆಯುವುದು ಎರಡು ಮ್ಯಾಚುಗಳ ನಡುವಿನ ಲಾಬಿಯಲ್ಲಿ, ‘ಸ್ಟಾರ್ಟ್’ ಗುಂಡಿಯನ್ನು ಒತ್ತುವ ಮುನ್ನ; ಮಿತಿಯೂ ಅಲ್ಲಿಯೇ ಇರಬೇಕು. ಆಟಕ್ಕೆ ಕೂರುವ ಮೊದಲೇ ‘ಈಗ ಎರಡು ಮ್ಯಾಚ್’ ಎಂದು ಸ್ಕ್ವಾಡ್‌ಗೂ ಮನೆಯವರಿಗೂ ಬಾಯಿಬಿಟ್ಟು ಹೇಳಿ. ಎರಡನೆಯದು ಮುಗಿದ ಕೂಡಲೇ ಫಲಿತಾಂಶ ಏನೇ ಇರಲಿ ಆ್ಯಪ್ ಮುಚ್ಚಬೇಕು. ಸೋತಾಗಲೇ ಇದು ಕಷ್ಟ: ಗೆದ್ದವನಿಗೆ ಏಳಲು ಮನಸ್ಸು ಬರುತ್ತದೆ, ಸೋತವನಿಗೆ ರ‍್ಯಾಂಕ್ ಕುಸಿದ ಸಂಕಟ ಎಳೆಯುತ್ತದೆ. ಅದಕ್ಕಾಗಿ ನಾನು ಕೊನೆಯ ಮ್ಯಾಚನ್ನು ರ‍್ಯಾಂಕ್ ಇಲ್ಲದ ಕ್ಲಾಸಿಕ್ ಆಟವಾಗಿ ಇಟ್ಟುಕೊಂಡಿದ್ದೇನೆ, ಸೋತರೂ ಕಳೆದುಕೊಳ್ಳುವ ಅಂಕ ಇರುವುದಿಲ್ಲ.

ಆ ಎರಡು ಮ್ಯಾಚುಗಳನ್ನು ದಿನದ ಯಾವ ಹೊತ್ತಿನಲ್ಲಿ ಇಡಬೇಕು? ಊಟ ಮುಗಿಸಿ ಹಾಸಿಗೆಯಲ್ಲಿ ಒರಗಿಕೊಂಡು ಆಡುವುದೇ ಎಲ್ಲರ ರೂಢಿ, ಎಡವಟ್ಟು ಆಗುವುದೂ ಅಲ್ಲಿಯೇ. ಊಟದ ನಂತರ ಉಳಿಯುವ ಕೆಲಸ ನಿದ್ದೆಯೊಂದೇ. ಅದನ್ನು ಎಷ್ಟು ಮುಂದೂಡಿದರೂ ಆ ರಾತ್ರಿ ಯಾರೂ ಕೇಳುವುದಿಲ್ಲ. ಇದರ ಬದಲು ಆಟವನ್ನು ತಪ್ಪಿಸಲಾಗದ ಯಾವುದಾದರೂ ಕೆಲಸದ ಮುಂಚೆ ಇಟ್ಟರೆ ಆ ಕೆಲಸವೇ ಬಂದು ನಿಲ್ಲಿಸುತ್ತದೆ. ಒಂಬತ್ತಕ್ಕೆ ಊಟಕ್ಕೆ ಕರೆಯುವ ಮನೆಯಾದರೆ ಏಳೂಮುಕ್ಕಾಲಿಗೆ ಆರಂಭಿಸಿ. ಮೆಸ್ಸಿನಲ್ಲಿ ಉಣ್ಣುವವರು ಮೆಸ್ ಮುಚ್ಚುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ. ನನ್ನ ವಿದ್ಯಾರ್ಥಿಯೊಬ್ಬ ಹೀಗೆ ಹೊತ್ತನ್ನು ಮಾತ್ರ ಬದಲಿಸಿದ, ಮ್ಯಾಚುಗಳ ಸಂಖ್ಯೆಯನ್ನು ಕಡಿಮೆ ಮಾಡಲಿಲ್ಲ. ಆದರೂ ತಿಂಗಳೊಳಗೆ ಬೆಳಗಿನ ತೂಕಡಿಕೆ ನಿಂತಿತು.

ಫೋನಿನ ಬೀಗಗಳನ್ನು ಹೊರಗಿನ ಬೇಲಿಯೆಂದಷ್ಟೇ ತಿಳಿಯಿರಿ. ಆ್ಯಪ್ ಟೈಮರ್ ಅವಧಿ ಮುಗಿದಾಗ ಮ್ಯಾಚಿನ ನಡುವೆಯೇ ಗೇಮನ್ನು ಮುಚ್ಚುವುದರಿಂದ, ಅದನ್ನು ನಿಮ್ಮ ಲೆಕ್ಕಕ್ಕಿಂತ ಇಪ್ಪತ್ತು ನಿಮಿಷ ಹೆಚ್ಚಿಗೆ ಇಡಿ. ಇಲ್ಲವಾದರೆ ಸಿಟ್ಟಿಗೆ ಟೈಮರನ್ನೇ ಕಿತ್ತುಹಾಕುತ್ತೀರಿ. ಗೇಮಿನ ನೋಟಿಫಿಕೇಶನ್‌ಗಳನ್ನು ಮಾತ್ರ ಪೂರ್ತಿ ಬಂದ್ ಮಾಡಿ. ದಿನವೂ ಲಾಗಿನ್ ಆದರೆ ಬಹುಮಾನ, ಸೀಸನ್ ಮುಗಿಯುವುದರೊಳಗೆ ಇಷ್ಟು ಮಿಷನ್ ಎಂಬ ಕರೆಗಳು ಆಡುವ ಮನಸ್ಸಿಲ್ಲದವನನ್ನೂ ಎಬ್ಬಿಸಿ ಕೂರಿಸುವುದಕ್ಕೆಂದೇ ಇರುವಂಥವು. ಕಂಪನಿಯವರ ಮಿತಿಯನ್ನು ನೆಚ್ಚಿಕೊಳ್ಳಬೇಡಿ: ಪಬ್‌ಜಿ ಮೊಬೈಲ್‌ನ ಭಾರತದ ಆವೃತ್ತಿಯಾದ ಬಿಜಿಎಂಐ, ಸರ್ಕಾರದ ತಡೆಯ ನಂತರ 2023ರ ಮೇ ತಿಂಗಳಲ್ಲಿ ಮರಳಿ ಬಂದಾಗ 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆ, ಉಳಿದವರಿಗೆ 6 ಗಂಟೆ ಎಂದು ಗೊತ್ತುಮಾಡಿತ್ತು. ದಿನಕ್ಕೆ ಆರು ಗಂಟೆ ಆಡಿದವನಿಗೆ ಮಿತಿಯೊಳಗೇ ಇದ್ದೇನೆಂಬ ಸಮಾಧಾನ ಬೇರೆ!

ಸಿಟ್ಟಿನಲ್ಲಿ ಗೇಮನ್ನು ಡಿಲೀಟ್ ಮಾಡುವುದೂ ಹೆಚ್ಚು ದಿನ ನಿಲ್ಲುವುದಿಲ್ಲ. ನಿಮ್ಮ ರ‍್ಯಾಂಕ್, ಸ್ಕಿನ್‌ಗಳೆಂಬ ವೇಷಭೂಷಣಗಳೆಲ್ಲ ಅಕೌಂಟಿನಲ್ಲಿ ಭದ್ರವಾಗಿರುತ್ತವೆ, ಮತ್ತೆ ಇಳಿಸಿಕೊಳ್ಳಲು ವೈಫೈ ಸಿಕ್ಕರೆ ಸಾಕು. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಮೊಬೈಲ್ ದೇಶದಲ್ಲಿ ನಿಷೇಧವಾದಾಗ ನಮ್ಮ ಗುಂಪಿನವರಾರೂ ಪುಸ್ತಕ ಹಿಡಿಯಲಿಲ್ಲ, ಎಲ್ಲರೂ ಇನ್ನೊಂದು ಗೇಮಿಗೆ ಹೋದೆವು. ಆಟ ಬಿಟ್ಟ ಹೊತ್ತಿಗೆ ಬೇರೆ ಏನನ್ನೂ ಗೊತ್ತುಮಾಡಿರದಿದ್ದರೆ ಹೀಗೆಯೇ ಆಗುತ್ತದೆ. ಸ್ಕ್ವಾಡ್‌ನಲ್ಲಿರುವವರು ಒಂದೇ ಊರಿನವರಾದರೆ ವಾರಕ್ಕೊಂದು ಸಂಜೆ ಕುಂದವಾಡ ಕೆರೆಯ ಏರಿಯ ಮೇಲೆ ನಡೆದು, ಮಂಡಕ್ಕಿ ಮಿರ್ಚಿ ತಿಂದು ಬನ್ನಿ. ರಜೆಯಿದ್ದರೆ ಬೆಳಿಗ್ಗೆಯೇ ಹೊರಟು ಚಿತ್ರದುರ್ಗದ ಕೋಟೆ ಹತ್ತಿ. ನಾವು ಹೆಡ್‌ಫೋನಿನಲ್ಲಿ ಹುಡುಕುತ್ತಿದ್ದ ಗೆಳೆತನದಲ್ಲಿ ಮುಕ್ಕಾಲು ಪಾಲು ಅಲ್ಲಿಯೇ ಸಿಗುತ್ತದೆ.

ದುಡ್ಡಿನ ವಿಷಯದಲ್ಲಿ ಸಡಿಲು ಬೇಡ. ಯುಸಿ, ಅಂದರೆ ಗೇಮಿನೊಳಗಿನ ನಾಣ್ಯ, ಕೊಳ್ಳುವ ಟಾಪ್‌ಅಪ್‌ಗೆ ತಿಂಗಳಿಗೆ ಇಷ್ಟೇ ಎಂದು ಮೊದಲೇ ತೆಗೆದಿಡಿ, ಕಾರ್ಡ್ ವಿವರವನ್ನು ಫೋನಿನಲ್ಲಿ ಉಳಿಸಬೇಡಿ, ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ. ಹಣ ಕಟ್ಟಿ ಹಣ ಗೆಲ್ಲುವ ಗೇಮ್‌ಗಳ ಮಾತೇ ಬೇರೆ: 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಅವುಗಳನ್ನು ನಿಷೇಧಿಸಿದೆ. ಆ ಕಾಯ್ದೆಯ ಶಿಕ್ಷೆ ಅಂಥ ಗೇಮ್ ನಡೆಸುವವರಿಗೆ ಮತ್ತು ಜಾಹೀರಾತು ಮಾಡುವವರಿಗೆ. ಆಡಿ ಹಣ ಕಳೆದುಕೊಂಡವರು ಹೆದರಿ ಮುಚ್ಚಿಟ್ಟುಕೊಂಡು ಸಾಲದ ಮೇಲೆ ಸಾಲ ಮಾಡುವ ಅಗತ್ಯವಿಲ್ಲ, ಮನೆಯವರಲ್ಲಿ ಹೇಳಿಬಿಡಿ.

ತಂದೆತಾಯಿಗಳಿಗೆ ಒಂದೇ ಮಾತು. ಮ್ಯಾಚಿನ ನಡುವೆ ಫೋನ್ ಕಿತ್ತುಕೊಂಡರೆ ಆ ಹೊತ್ತಿನ ಜಗಳದಲ್ಲಿ ಮಿತಿಯ ಮಾತು ಮುಳುಗಿಹೋಗುತ್ತದೆ. ‘ಎಷ್ಟನೇ ಮ್ಯಾಚಪ್ಪ ಇದು?’ ಎಂದು ಕೇಳಿದರೆ ಮಗನಿಗೆ ತಾನು ಕೊಟ್ಟ ಮಾತು ನೆನಪಾಗುತ್ತದೆ.

ಇಷ್ಟೆಲ್ಲ ಮಾಡಿಯೂ ಹಿಡಿತ ಸಿಗದವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 2022ರಿಂದ ಜಾರಿಯಲ್ಲಿರುವ ಆವೃತ್ತಿಯಲ್ಲಿ ಗೇಮಿಂಗ್ ವ್ಯಸನವೂ ಸೇರಿದೆ. ಆಟದ ಮೇಲೆ ನಿಯಂತ್ರಣ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿ ಕಣ್ಣೆದುರಿಗಿದ್ದರೂ ಮುಂದುವರಿಸುವುದು, ಇವು ಮೂರೂ ಸಾಮಾನ್ಯವಾಗಿ ಹನ್ನೆರಡು ತಿಂಗಳು ಕಂಡುಬಂದು ಬದುಕನ್ನು ಗಣನೀಯವಾಗಿ ಕೆಡಿಸಿದಾಗ ಹಾಗೆ ಗುರುತಿಸುತ್ತಾರೆ. ಆದರೆ ಸಹಾಯ ಕೇಳಲು ವರ್ಷ ತುಂಬುವವರೆಗೆ ಕಾಯಬೇಕಿಲ್ಲ. 14416 ಸಂಖ್ಯೆಯ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ ಹಗಲುರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ‘ಶಟ್’ ಕ್ಲಿನಿಕ್ ಇದೆ. ಕರೆ ಮಾಡುವಾಗ ಮೊದಲ ವಾರ ಬರೆದ ಆ ಹಾಳೆಯನ್ನು ಎದುರಿಗೆ ಇಟ್ಟುಕೊಳ್ಳಿ. ಎಷ್ಟು ಹೊತ್ತು ಆಡುತ್ತೀರಿ, ಅದರಿಂದ ಏನು ತಪ್ಪುತ್ತಿದೆ ಎಂದು ಅವರು ಕೇಳಿದಾಗ ಅಂದಾಜಿನ ಮೇಲೆ ಹೇಳಬೇಕಾಗುವುದಿಲ್ಲ.