ಅಗ್ಗದ ಸ್ಟ್ರೀಮರ್‌ನಿಂದ ಡ್ಯಾಕ್‌ಗೆ: ಆಪ್ಟಿಕಲ್ ಜೋಡಣೆ ಮತ್ತು ಸೆಟ್ಟಿಂಗ್

ಮನೆಯಲ್ಲಿ ಒಳ್ಳೆಯ ಡ್ಯಾಕ್ (ಡಿಜಿಟಲ್-ಟು-ಅನಲಾಗ್ ಕನ್ವರ್ಟರ್) ಇದ್ದರೆ, ವೈಫೈ ಮೂಲಕ ಹಾಡು ತರಿಸುವ ಪುಟ್ಟ ಪೆಟ್ಟಿಗೆಯಾದ ಸ್ಟ್ರೀಮರ್‌ಗೆ ಹೆಚ್ಚು ದುಡ್ಡು ಸುರಿಯಬೇಡಿ. ಹಾಡಿನ ಡಿಜಿಟಲ್ ಅಂಕಿಗಳನ್ನು ಸಂಗೀತವಾಗಿಸುವುದು ಡ್ಯಾಕ್. ಅವನ್ನು ಕೆಡಿಸದೆ ತಲುಪಿಸುವುದಷ್ಟೇ ಸ್ಟ್ರೀಮರ್ ಕೆಲಸ. ವಿಮ್ ಮಿನಿಯಂಥ ಅಗ್ಗದ ಸ್ಟ್ರೀಮರ್ ಸಾಕು. 2019ರಲ್ಲಿ ತಯಾರಿಕೆ ನಿಂತುಹೋದ ಗೂಗಲ್‌ನ ಕ್ರೋಮ್‌ಕಾಸ್ಟ್ ಆಡಿಯೊ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಅದೂ ಆದೀತು. ಆದರೆ ಅದಕ್ಕೆ ಒಂದು ತುದಿಯಲ್ಲಿ 3.5 ಮಿ.ಮೀ. ಪಿನ್ನಿನ ಆಕಾರದ ಮಿನಿ ಟಾಸ್‌ಲಿಂಕ್ ಪ್ಲಗ್ ಇರುವ ಆಪ್ಟಿಕಲ್ ಕೇಬಲ್, ಅಂದರೆ ಬೆಳಕಿನ ಮೂಲಕ ಸಿಗ್ನಲ್ ಸಾಗಿಸುವ ಕೇಬಲ್ ಬೇಕು. ವಿಮ್‌ಗೆ ಮಾಮೂಲಿ ಟಾಸ್‌ಲಿಂಕ್.

ಕೇಬಲ್ ತುದಿಯ ಪ್ಲಾಸ್ಟಿಕ್ ಟೋಪಿ ತೆಗೆದಿರಾ ನೋಡಿ. ಹಾಡು ಬಾರದಿರಲು ಎಷ್ಟೋ ಸಲ ಇದೇ ಕಾರಣ. ಇನ್ನೊಂದು ತುದಿಯಲ್ಲಿ ಕೆಂಪು ಬೆಳಕು ಕಂಡರೆ ಸ್ಟ್ರೀಮರ್ ಸರಿಯಿದೆ, ಡ್ಯಾಕ್‌ನಲ್ಲಿ ಆಪ್ಟಿಕಲ್ ಇನ್‌ಪುಟ್ ಆರಿಸಿ. ಕೇಬಲನ್ನು ಮಡಚಬೇಡಿ.

ಸ್ಟ್ರೀಮರ್‌ನ ಆ್ಯಪ್‌ನಲ್ಲಿ ಔಟ್‌ಪುಟ್ಟನ್ನು ಆಪ್ಟಿಕಲ್‌ಗೆ ಬದಲಿಸಿ, ಈಕ್ವಲೈಸರ್ ಆಫ್ ಮಾಡಿ. ಮೊದಲು ಆಂಪ್ಲಿಫೈಯರ್ ವಾಲ್ಯೂಮ್ ಪೂರ್ತಿ ತಗ್ಗಿಸಿ, ಆಮೇಲೆ ಸ್ಟ್ರೀಮರ್‌ನ ಫಿಕ್ಸೆಡ್ ವಾಲ್ಯೂಮ್ (ಸದಾ ಪೂರ್ತಿ ವಾಲ್ಯೂಮಿನಲ್ಲೇ ಕಳಿಸುವ ಸೆಟ್ಟಿಂಗ್) ಹಾಕಿ. ಇಲ್ಲದಿದ್ದರೆ ಸ್ಪೀಕರ್ ಒಮ್ಮೆಲೇ ಅಬ್ಬರಿಸುತ್ತದೆ. 16 ಬಿಟ್ ಔಟ್‌ಪುಟ್‌ನಲ್ಲಿ ವಾಲ್ಯೂಮನ್ನು 6 ಡೆಸಿಬೆಲ್ ಇಳಿಸಿದಾಗಲೆಲ್ಲ ಸುಮಾರು ಒಂದು ಬಿಟ್‌ನಷ್ಟು ವಿವರ ಹೋಗುತ್ತದೆ. ವಾಲ್ಯೂಮ್ ಆಂಪ್ಲಿಫೈಯರ್‌ನಲ್ಲೇ ಇರಲಿ. ನಿಮ್ಮ ಆಂಪ್ಲಿಫೈಯರಿಗಾಗಲಿ ಡ್ಯಾಕ್‌ಗಾಗಲಿ ವಾಲ್ಯೂಮ್ ಇಲ್ಲದಿದ್ದರೆ ಮಾತ್ರ ಈ ಫಿಕ್ಸೆಡ್ ವಾಲ್ಯೂಮ್ ಸೆಟ್ಟಿಂಗ್ ಮುಟ್ಟಬೇಡಿ.

ಹಾಡಿನ ಮಧ್ಯೆ ಟಿಕ್ ಟಿಕ್ ಸದ್ದು ಬಂದರೆ ಅಥವಾ ಡ್ಯಾಕ್ ಲಾಕ್ ಆಗದಿದ್ದರೆ, ಅಂದರೆ ಸಿಗ್ನಲ್ ಹಿಡಿಯದಿದ್ದರೆ, ಔಟ್‌ಪುಟ್ ಮಿತಿಯನ್ನು 24 ಬಿಟ್, 192 ಕಿಲೋಹರ್ಟ್ಸ್‌ನಿಂದ 96ಕ್ಕೆ ಇಳಿಸಿ. ಆಪ್ಟಿಕಲ್‌ನಲ್ಲಿ 192 ಎಲ್ಲ ಡ್ಯಾಕ್‌ಗಳಿಗೂ ಒಗ್ಗುವುದಿಲ್ಲ.

ಹಾಡು ಪೂರ್ತಿ ನಿಂತು ನಿಂತು ಬಂದರೆ ಅದು ವೈಫೈ ತೊಂದರೆ. ಮಂಗಳೂರು, ಉಡುಪಿ ಕಡೆಯ ದಪ್ಪ ಕೆಂಪುಕಲ್ಲಿನ ಗೋಡೆಗಳನ್ನು 5 ಗಿಗಾಹರ್ಟ್ಸ್ ಸಿಗ್ನಲ್ ದಾಟಲು ಒದ್ದಾಡುತ್ತದೆ. ರೂಟರ್ ಬೇರೆ ಕೋಣೆಯಲ್ಲಿದ್ದರೆ 2.4ಕ್ಕೆ ಜೋಡಿಸಿ, ಸಿಡಿ ಗುಣಮಟ್ಟಕ್ಕೆ 1.4 ಎಂಬಿಪಿಎಸ್‌ಗಿಂತ ಹೆಚ್ಚೇನೂ ಬೇಡ. ಸ್ಟ್ರೀಮರನ್ನು ಕಬ್ಬಿಣದ ಕಪಾಟಿನೊಳಗೂ ಆಂಪ್ಲಿಫೈಯರ್ ಹಿಂದೆಯೂ ಅಡಗಿಸಬೇಡಿ.

ಕಡಲ ಗಾಳಿಗೆ ಡ್ಯಾಕ್ ಹಿಂದೆ ಆಂಪ್ಲಿಫೈಯರ್‌ಗೆ ಹೋಗುವ ಕೇಬಲಿನ ಆರ್‌ಸಿಎ ಪಿನ್‌ಗಳು ಕಪ್ಪಾಗಿ ಒಂದು ಬದಿಯ ಸ್ಪೀಕರ್ ಕರಕರ ಎನ್ನಬಹುದು. ಎಲ್ಲ ಆಫ್ ಮಾಡಿ, ಕೇಬಲಿನ ಪಿನ್ ಹೊರಗೆಳೆದು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಮಳೆಗಾಲ ಮುಗಿದ ಮೇಲೆ ಇದನ್ನು ಮಾಡಲೇಬೇಕು.

ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗಿಗೆ ಆಪ್ಟಿಕಲ್ ಕೇಬಲ್ ಒಂದನ್ನೇ ನಂಬಬೇಡಿ. ಅದು ವಿದ್ಯುತ್ ಹರಿಸುವುದಿಲ್ಲ ನಿಜ, ಆದರೆ ಡ್ಯಾಕ್, ಆಂಪ್ಲಿಫೈಯರ್ ಎರಡೂ ಕರೆಂಟಿನ ತಂತಿಗೇ ಅಂಟಿಕೊಂಡಿರುತ್ತವೆ. ಸಿಡಿಲು ಹತ್ತಿರವಾಗುವ ಮೊದಲೇ ಪ್ಲಗ್ಗುಗಳನ್ನೆಲ್ಲ ಕಿತ್ತಿಡಿ, ರೂಟರಿನದ್ದೂ ಸೇರಿ.