ಬಾಡಿಗೆ ಫ್ಲ್ಯಾಟಿನ ಮೇಲೆ ಬಿದ್ದ ಗಲಾಟೆಯ ದಂಡವನ್ನು ಪ್ರಶ್ನಿಸುವ ಕ್ರಮ

ಕಾರವಾರದ ಅಪಾರ್ಟ್‌ಮೆಂಟುಗಳಲ್ಲಿ ಕೈಗಾ ಸ್ಥಾವರದ ಅಥವಾ ನೌಕಾನೆಲೆಯ ನೌಕರರು ಬಾಡಿಗೆಗಿದ್ದು, ಮಾಲೀಕರು ಮುಂಬಯಿಯಲ್ಲೋ ಗೋವೆಯಲ್ಲೋ ನೆಲೆಸಿರುವುದುಂಟು. ಬಾಡಿಗೆದಾರರ ಮನೆಯಲ್ಲಿ ರಾತ್ರಿ ಗಲಾಟೆಯಾಯಿತೆಂದು ಸಂಘ ವಿಧಿಸುವ ದಂಡ ಮಾಲೀಕರ ನಿರ್ವಹಣಾ ಬಿಲ್ಲಿಗೇ ಸೇರುತ್ತದೆ. ಸಂಘದ ಸದಸ್ಯರು ಮಾಲೀಕರೇ ಆದ್ದರಿಂದ ಆಕ್ಷೇಪಣೆಗೂ ಅವರೇ ಸಹಿ ಮಾಡಿ, ಬಾಡಿಗೆದಾರರ ಲಿಖಿತ ಹೇಳಿಕೆಯನ್ನು ಅದಕ್ಕೆ ಲಗತ್ತಿಸಬೇಕು.

ಮೊದಲು ಕೇಳಬೇಕಾದದ್ದು, ದಂಡವನ್ನು ಯಾವ ಬೈಲಾದ, ಅಂದರೆ ಸಂಘದ ಒಳನಿಯಮದ, ಅಡಿಯಲ್ಲಿ ಹಾಕಿದ್ದಾರೆ ಎಂಬುದನ್ನು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ರಚನೆಯಾದ ಸಂಘವಾದರೆ, ಅದರ ಬೈಲಾ, ಕಟ್ಟಡವನ್ನು ಆ ಕಾಯ್ದೆಗೆ ಒಳಪಡಿಸುವ ಘೋಷಣಾಪತ್ರದ ಜೊತೆಗೇ ಉಪನೋಂದಣಿ ಕಚೇರಿಯಲ್ಲಿ ದಾಖಲಾಗಿರುತ್ತದೆ. ಅದರ ದೃಢೀಕೃತ ನಕಲನ್ನು ಪಡೆದು ದಂಡದ ಕಲಮು ಇದೆಯೇ, ಮೊತ್ತ ಎಷ್ಟು, ಮುಂಚಿತ ಎಚ್ಚರಿಕೆ ಕೊಡಬೇಕೆಂದಿದೆಯೇ ಎಂದು ನೋಡಬೇಕು. ವಾಟ್ಸಾಪ್ ಗುಂಪಿನಲ್ಲಿ ಕಾರ್ಯದರ್ಶಿ ಹಾಕಿದ ಸಂದೇಶ ಬೈಲಾ ಆಗುವುದಿಲ್ಲ.

ವಾದದ ತಿರುಳಿರುವುದು ಸಾಕ್ಷ್ಯದಲ್ಲಿ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿಯನ್ನು ನಿಗದಿಪಡಿಸಿವೆ. ಆದರೆ ಮೊಬೈಲ್ ಆ್ಯಪ್ ತೋರಿಸುವ ಅಂಕಿಯನ್ನು ಯಾರೇ ಹಿಡಿದುಕೊಂಡು ಬಂದರೂ ಅದರ ಮೇಲೆ ಹೆಚ್ಚು ಭಾರ ಹಾಕುವಂತಿಲ್ಲ. ದೂರಿನ ದಿನಾಂಕ, ಗಂಟೆ, ಕೇಳಿಸಿಕೊಂಡವರು ಯಾರು, ವಾಚ್‌ಮನ್ ಬಾಗಿಲಿಗೆ ಬಂದು ನೋಡಿದ್ದನೇ ಎಂಬ ವಿವರಗಳೇ ಹೆಚ್ಚು ತೂಕದವು. ಆ ರಾತ್ರಿ ಬಾಡಿಗೆದಾರರು ಪಾಳಿಯ ಕೆಲಸದಲ್ಲಿದ್ದರೆ ಡ್ಯೂಟಿ ಪಟ್ಟಿಯ ಪ್ರತಿಯೊಂದೇ ಬಹುಪಾಲು ಸಾಕಾಗುತ್ತದೆ. ಆಷಾಢದ ಗಾಳಿಗೆ ಚಿಲಕ ಸಡಿಲವಾದ ಅಲ್ಯೂಮಿನಿಯಂ ಕಿಟಕಿ ರಾತ್ರಿಯಿಡೀ ಬಡಿದುಕೊಂಡರೆ, ಆ ಸದ್ದು ಯಾವ ಮಹಡಿಯದೆಂದು ಕೆಳಗಿನವರಿಗೆ ತಿಳಿಯುವುದು ಕಷ್ಟ. ಅಂಥ ಕಿಟಕಿಯ ವಿಡಿಯೊ ಇದ್ದರೆ ಸೇರಿಸಿ.

ಪತ್ರ ಚಿಕ್ಕದಾಗಿರಲಿ: “ಶಬ್ದ ನಮ್ಮ ಮನೆಯಿಂದಲೇ ಬಂದಿತೆಂಬುದಕ್ಕೆ ಇರುವ ಆಧಾರ, ದಂಡ ವಿಧಿಸಿದ ಬೈಲಾ ಕಲಮು ಮತ್ತು ಸಮಿತಿ ಸಭೆಯ ನಡಾವಳಿಯ ಪ್ರತಿಯನ್ನು ಒದಗಿಸಬೇಕು, ನನ್ನ ಅಹವಾಲನ್ನು ಕೇಳುವವರೆಗೆ ವಸೂಲಿಯನ್ನು ತಡೆಹಿಡಿಯಬೇಕು.” ನೆರೆಯವರ ಹಳೆಯ ಜಗಳಗಳನ್ನು ಅದರಲ್ಲಿ ತರಬೇಡಿ. ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ, ಇಲ್ಲವೇ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. ನಿರ್ವಹಣಾ ಶುಲ್ಕವನ್ನು ಮಾತ್ರ ನಿಲ್ಲಿಸಬಾರದು. “ದಂಡದ ಮೊತ್ತ ಹೊರತುಪಡಿಸಿ” ಎಂದು ಬರೆದೇ ಪಾವತಿಸಬೇಕು, ಇಲ್ಲವಾದರೆ ಬಾಕಿದಾರರೆಂಬ ಹೊಸ ಆರೋಪ ಅಂಟಿಕೊಳ್ಳುತ್ತದೆ.

ಗಲಾಟೆ ನಿಜವಾಗಿಯೂ ಆಗಿದ್ದರೆ ಅದನ್ನು ಒಪ್ಪಿಕೊಂಡು ದಂಡ ಇಳಿಸುವಂತೆ ಕೇಳುವುದೇ ಲೇಸು. ದಂಡವನ್ನು ಬಾಡಿಗೆದಾರರು ಭರಿಸಬೇಕೇ ಎಂಬುದನ್ನು ಬಾಡಿಗೆ ಕರಾರು ತೀರ್ಮಾನಿಸುತ್ತದೆ. ವಿವಾದ ಮುಗಿಯುವ ಮೊದಲೇ ಮಾಲೀಕರು ಮುಂಗಡದಿಂದ ಹಣ ಮುರಿದುಕೊಳ್ಳುವುದು ಸರಿಯಲ್ಲ.

ಸಮಿತಿ ಮಣಿಯದಿದ್ದರೆ ವಿಷಯವನ್ನು ಸರ್ವಸದಸ್ಯರ ಸಭೆಗೆ ಒಯ್ಯಿರಿ. ಸಂಘ ಸಹಕಾರಿ ಕಾಯ್ದೆಯಡಿ ನೋಂದಣಿಯಾಗಿದ್ದರೆ 1959ರ ಕಾಯ್ದೆಯ 70ನೇ ಕಲಮಿನಡಿ ಸಹಕಾರ ಇಲಾಖೆಯ ಮುಂದೆ ವಿವಾದ ಹೂಡಬಹುದು. ಸಿವಿಲ್ ನ್ಯಾಯಾಲಯಕ್ಕೆ ಹೋಗುವ ಮುನ್ನ ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ರಾಜಿಗಾಗಿ ವ್ಯಾಜ್ಯಪೂರ್ವ ಅರ್ಜಿ ಹಾಕಬಹುದು. ಶಿರಸಿಯವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ರಾಜಿಯಾದರೆ ಅದನ್ನು ಬರಹದಲ್ಲಿ ಪಡೆದು, ಮುಂದಿನ ಬಿಲ್ಲಿನ ಬಾಕಿ ಕಾಲಂನಿಂದ ಆ ಮೊತ್ತ ಹೋಗಿದೆಯೇ ಎಂದು ಪರಿಶೀಲಿಸಿ.