ಭರಣಿಗೊಮ್ಮೆ, ಮಘೆಗೊಮ್ಮೆ: ತಾರಸಿ ಸಕ್ಯುಲೆಂಟ್‌ಗೆ ಬಿಸಿಲು ಹೊಂದಿಸಿದ ನನ್ನ ಅನುಭವ

ಗುಲಾಬಿ ಹೂವಿನಂತೆ ದಪ್ಪ ಎಲೆ ಜೋಡಿಸಿಕೊಳ್ಳುವ ಸಕ್ಯುಲೆಂಟ್ ಎಚೆವೇರಿಯಾ ನಮ್ಮ ಬಯಲುಸೀಮೆಯಲ್ಲಿ ಒಂದು ವರ್ಷವೂ ದಾಟುವುದಿಲ್ಲ ಅಂತ ನನಗೆ ಹೇಳದವರಿಲ್ಲ. ಬೆಂಗಳೂರು ಕಡೆಯ ನರ್ಸರಿಯವರೊಬ್ಬರು, “ಕಾಲಿಂಪಾಂಗ್ ಬೆಟ್ಟದ ಕಡೆಯಿಂದ ಗಿಡದ ಬಾಕ್ಸ್ ತರಿಸಿ, ಬಣ್ಣ ಇಳಿಯೋದ್ರೊಳಗೆ ಮಾರಿಬಿಡಿ ಸಾರ್, ಸಾಕೋಕೆ ಹೋಗ್ಬೇಡಿ” ಅಂದಿದ್ದರು. ದ್ರಾಕ್ಷಿ ಬೆಳೆಯುವ ನಮ್ಮ ಪಕ್ಕದ ಮನೆಯವರು ನಾನು ನೆಟ್ ಕಟ್ಟುವುದನ್ನು ನೋಡಿ, “ಏನಣ್ಣಾ, ಕಳ್ಳಿಗೂ ಕೊಡೆ ಹಿಡೀತಿದ್ದೀಯಾ?” ಅಂತ ನಕ್ಕಿದ್ದರು. ಈಗ ಶಿಡ್ಲಘಟ್ಟದ ನಮ್ಮ ತಾರಸಿಯಲ್ಲಿ ನಾಲ್ಕನೇ ವರ್ಷಕ್ಕೆ ಕಾಲಿಟ್ಟ ತಾಯಿಗಿಡಗಳಿವೆ. ಒಂದೊಂದೂ ಗೇಣಗಲ. ಎಲೆಯಂಚು ಇನ್ನೂ ಗುಲಾಬಿ. ಅದೇ ನರ್ಸರಿಯವರು ಮೊನ್ನೆ ಫೋನ್ ಮಾಡಿ ಮರಿ ಸಿಗುತ್ತಾ ಅಂತ ಕೇಳಿದರು. ಅದಕ್ಕೇ ಬರೆಯುವ ಧೈರ್ಯ ಬಂತು.

ಮಣ್ಣು, ನೀರು, ಕುಂಡದ ವಿಷಯ ಎತ್ತುವುದಿಲ್ಲ. ಅದೆಲ್ಲ ನಿಮಗೆ ಗೊತ್ತಿರುವುದೇ. ನನ್ನ ಮಣ್ಣಿನ ಮಿಶ್ರಣವನ್ನಂತೂ ಕೇಳಬೇಡಿ, ಮನೆಯವರಿಗೂ ಹೇಳಿಲ್ಲ. ಇಲ್ಲಿ ಬರೀ ಬೆಳಕಿನ ಲೆಕ್ಕ.

ಯೂಟ್ಯೂಬ್‌ನಲ್ಲಿ ಯಾರನ್ನು ಕೇಳಿದರೂ “ದಕ್ಷಿಣದ ಕಿಟಕಿ ಹತ್ತಿರ ಇಡಿ” ಅನ್ನುತ್ತಾರೆ. ಅಮೆರಿಕ, ಇಂಗ್ಲೆಂಡಿನವರಿಗೆ ಅದು ಸರಿ. ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ. ನಾವಿರುವುದು 13.4 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಏಪ್ರಿಲ್ ಕೊನೆಗೆ ನೆತ್ತಿ ದಾಟಿ ಉತ್ತರಕ್ಕೆ ಹೋಗುತ್ತಾನೆ, ಆಗಸ್ಟ್ ಮಧ್ಯದಲ್ಲಿ ಮತ್ತೆ ನೆತ್ತಿ ದಾಟಿ ದಕ್ಷಿಣಕ್ಕೆ ಬರುತ್ತಾನೆ. ನಡುವಿನ ಮೂರೂವರೆ ತಿಂಗಳು ನಮ್ಮ ದಕ್ಷಿಣದ ಗೋಡೆಗೆ ಮಧ್ಯಾಹ್ನ ಬಿಸಿಲೇ ಇಲ್ಲ, ಉತ್ತರದ ಗೋಡೆ ಕಾಯುತ್ತದೆ. ಹಳಬರ ಮಳೆ ಲೆಕ್ಕ ಗೊತ್ತಿದ್ದವರಿಗೆ ಇದು ಸುಲಭ. ಭರಣಿ ಹುಟ್ಟುವ ಹೊತ್ತಿಗೆ ಒಂದು ಸಲ, ಮಘೆ ಹುಟ್ಟುವ ಹೊತ್ತಿಗೆ ಇನ್ನೊಂದು ಸಲ ಸೂರ್ಯ ನೆತ್ತಿ ಮೇಲಿರುತ್ತಾನೆ. ಆ ದಿನಗಳಲ್ಲಿ ಹನ್ನೆರಡೂ ಕಾಲರ ಸುಮಾರಿಗೆ ತಾರಸಿ ಮೇಲೆ ಒಂದು ಕೋಲು ನೆಟ್ಟಗೆ ನಿಲ್ಲಿಸಿ ನೋಡಿ, ನೆರಳೇ ಬೀಳುವುದಿಲ್ಲ.

ಇದು ತಲೆಗೆ ಹೋಗುವುದಕ್ಕೆ ಮುಂಚೆ ಹೋದ ದುಡ್ಡು ಹದಿನಾಲ್ಕು–ಹದಿನೈದು ಸಾವಿರ. ಗಿಡಕ್ಕೆ ನಲವತ್ತೈದೋ ಐವತ್ತೋ ಕೊಟ್ಟು, ಮೇಲೆ ಕೊರಿಯರ್ ಕೊಟ್ಟು ತರಿಸಿದ ಎರಡು ದೊಡ್ಡ ಬಾಕ್ಸ್. ತಾರಸಿಯ ಹೆಡ್‌ರೂಮಿನ, ಅಂದರೆ ಮೆಟ್ಟಿಲ ಮೇಲಿನ ಕೋಣೆಯ, ಉತ್ತರದ ಮಗ್ಗುಲಲ್ಲಿ ಸಾಲಾಗಿ ಜೋಡಿಸಿದ್ದೆ. ಬಿಸಿಲು ಕಮ್ಮಿ, ತಂಪಾಗಿರುತ್ತದೆ ಅಂತ ಎಲ್ಲರೂ ಹೇಳಿದ ಜಾಗ ಅದು. ಡಿಸೆಂಬರಿನಲ್ಲಿ ಮಧ್ಯಾಹ್ನದ ಸೂರ್ಯ ಇಲ್ಲಿ 53 ಡಿಗ್ರಿ ಎತ್ತರಕ್ಕೆ ಮಾತ್ರ ಏರುತ್ತಾನೆ. ಎಂಟು ಅಡಿ ಹೆಡ್‌ರೂಮಿನ ನೆರಳು ಉತ್ತರಕ್ಕೆ ಆರು ಅಡಿ ಚಾಚುತ್ತದೆ. ಗಿಡಗಳೆಲ್ಲ ಅದರೊಳಗೆ ಸಿಕ್ಕಿಕೊಂಡವು. ಕೆಳಗಿನ ಎಲೆಗಳು ನೆಲಕ್ಕೆ ಬಾಗಿ, ಎಲೆ ಎಲೆ ನಡುವೆ ಕಾಂಡ ಕಾಣಿಸತೊಡಗಿತು. ಅದೇ ಸಾಲಿಗೆ ಮೇ ತಿಂಗಳಲ್ಲಿ ನೇರ ಬಿಸಿಲು. ಚಳಿಗಾಲದಲ್ಲಿ ಸೊರಗಿದ್ದ ಎಲೆ ಒಂದೇ ವಾರದಲ್ಲಿ ಸುಟ್ಟಿತು. ಒಂದೇ ಜಾಗ, ಎರಡು ಥರದ ಸಾವು.

ಪ್ಯಾರಾಪೆಟ್ ಬುಡವೂ ಹೀಗೇ. ದಕ್ಷಿಣದ ಮೂರಡಿ ಪ್ಯಾರಾಪೆಟ್ ಡಿಸೆಂಬರ್ ಮಧ್ಯಾಹ್ನ ಎರಡು ಅಡಿಗೂ ಜಾಸ್ತಿ ನೆರಳು ಬೀಳಿಸುತ್ತದೆ. ಕುಂಡವನ್ನು ಕೆಳಗಿಡದೆ ಸ್ಟ್ಯಾಂಡ್ ಮೇಲೆ ಎತ್ತಿಟ್ಟರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು. ಬೇಸಿಗೆಯಲ್ಲಿ ಕಾದ ಸಿಮೆಂಟಿನಿಂದ ಬೇರೂ ಬಚಾವ್.

ಈಗ ನಾನು ಮಾಡುವುದು ಇಷ್ಟು. ದೀಪಾವಳಿ ಕಳೆದು ಮಳೆ ಪೂರ್ತಿ ನಿಂತ ಮೇಲೆ ಎಚೆವೇರಿಯಾ, ಗ್ರಾಪ್ಟೋಪೆಟಲಮ್, ಸೀಡಮ್ ಎಲ್ಲ ತಾರಸಿಯ ಉತ್ತರ ತುದಿಯ ಸ್ಟ್ಯಾಂಡಿಗೆ ಹೋಗುತ್ತವೆ. ಹೆಡ್‌ರೂಮಿನ ನೆರಳು ಅಲ್ಲಿಯವರೆಗೆ ಮುಟ್ಟುವುದಿಲ್ಲ. ನೆಟ್ ಇಲ್ಲ, ಮಳೆಗೆ ಹಾಕುವ ಪ್ಲಾಸ್ಟಿಕ್ ಶೀಟ್ ಇಲ್ಲ, ಬೆಳಿಗ್ಗೆಯಿಂದ ಸಂಜೆವರೆಗೆ ಬೋಳು ಬಿಸಿಲು. ರಾತ್ರಿ ಚಳಿ, ಹಗಲು ಬಿಸಿಲು ಸೇರಿದರೆ ಬರುವ ಬಣ್ಣ ಇದೆಯಲ್ಲ, ಅದಕ್ಕೇ ಜನ ದುಡ್ಡು ಕೊಡುವುದು. ನನ್ನ ವರ್ಷದ ವ್ಯಾಪಾರದಲ್ಲಿ ಮುಕ್ಕಾಲು ಪಾಲು ಸಂಕ್ರಾಂತಿಯ ಹಿಂದುಮುಂದಿನ ಎರಡು ತಿಂಗಳಲ್ಲೇ ಆಗುತ್ತದೆ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡುತ್ತದಲ್ಲ, ಅಂದೇ ನೆಟ್ ಮೇಲಕ್ಕೆ. ಯುಗಾದಿವರೆಗೆ ಕಾಯುವವರು ಜಾಸ್ತಿ. ಆಗಲೇ ತಡವಾಗಿರುತ್ತದೆ. ಅರ್ಧ ಬಿಸಿಲು ತಡೆಯುವ 50 ಪರ್ಸೆಂಟಿನ ನೆಟ್ ಸಾಕು. ಅಂಗಡಿಯವರು 75 ಕೊಡಲು ನೋಡುತ್ತಾರೆ, ಅದು ನೆರಳು ಬಯಸುವ ಹಾವರ್ಥಿಯಾ, ಗ್ಯಾಸ್ಟೀರಿಯಾಗೆ ಮಾತ್ರ. ಅಗ್ಗದ ನೆಟ್ಟಿನ ಮೇಲೆ ಬರೆದಿರುವ ಪರ್ಸೆಂಟನ್ನು ನಂಬಬೇಡಿ. ಬೆಳಕು ಅಳೆಯುವ ಫೋನಿನ ಲಕ್ಸ್ ಆ್ಯಪ್ ಕರಾರುವಾಕ್ಕಲ್ಲ, ಆದರೆ ಹೋಲಿಸಿ ನೋಡಲು ಆಗುತ್ತದೆ. ಬಯಲಲ್ಲಿ ಒಂದು ಲಕ್ಷದ ಹತ್ತಿರ ತೋರಿಸಿದರೆ ನೆಟ್ ಕೆಳಗೆ 40ರಿಂದ 50 ಸಾವಿರ ಬರಬೇಕು. ನಾನು ಮೊದಲು ತಂದ ಹಸಿರು ನೆಟ್ 50 ಅಂತ ಬರೆದಿದ್ದರೂ 30 ಸಾವಿರ ದಾಟಲಿಲ್ಲ. ಈಗ ಬಿಳಿ ನೆಟ್. ಬೆಲೆ ಸ್ವಲ್ಪ ಜಾಸ್ತಿ, ಆದರೆ ಅದರಡಿ ಧಗೆ ಕಡಿಮೆ.

ನೆಟ್ಟನ್ನು ಬಿಗಿಯಾಗಿ ಕಟ್ಟಿಬಿಟ್ಟರೆ ಕೆಲಸ ಕೆಟ್ಟಿತು. ಜಿಐ ತಂತಿ ಎಳೆದು, ಬಾಗಿಲ ಪರದೆಯ ಉಂಗುರ ಹಾಕಿ, ಎಳೆದು ಬಿಡುವ ಹಾಗೆ ಮಾಡಿದ್ದೇನೆ. ತಂತಿ, ಉಂಗುರ, ಕೂಲಿ ಎಲ್ಲ ಸೇರಿ ಒಂದೂವರೆ ಸಾವಿರವೂ ಆಗಿಲ್ಲ. ಗಿಡ ಉಳಿದದ್ದು ಇದರಿಂದ. ಯಾಕೆಂದರೆ ನನ್ನ ಲೆಕ್ಕದಲ್ಲಿ ಅತಿ ಹೆಚ್ಚು ಗಿಡ ಸುಟ್ಟಿದ್ದು ಏಪ್ರಿಲ್‌ನಲ್ಲಲ್ಲ, ಆಗಸ್ಟ್ ಕೊನೆಯಲ್ಲಿ. ವಾರವಿಡೀ ಮೋಡ. ಎಲೆ ಮೆತ್ತಗಾಗಿ ಬಿಸಿಲಿನ ಅಭ್ಯಾಸವೇ ತಪ್ಪಿರುತ್ತದೆ. ಆಮೇಲೆ ಒಂದು ದಿನ ಆಕಾಶ ತೊಳೆದ ಹಾಗೆ ಸ್ವಚ್ಛ, ಸೂರ್ಯ ಮಘೆಯಲ್ಲಿ, ಅಂದರೆ ನೆತ್ತಿ ಮೇಲೆ. ಮೊದಲು ಎಲೆ ಮೇಲೆ ಒದ್ದೆಯಾದಂಥ ಒಂದು ಮಚ್ಚೆ. ಎರಡು ದಿನಕ್ಕೆ ಅದು ಒಣ ಕಾಗದದ ಬಣ್ಣಕ್ಕೆ ತಿರುಗುತ್ತದೆ. ಮತ್ತೆ ಮಾಯುವುದಿಲ್ಲ. ಎಲೆ ಮೇಲಿನ ಬಿಳಿ ಪುಡಿ ಇದೆಯಲ್ಲ, ಬೆರಳು ತಾಗಿ ಅದು ಒರೆಸಿಹೋದ ಜಾಗವೇ ಮೊದಲು ಸುಡುವುದು. ಒಂದು ಗಿಡದಲ್ಲಿ ನನ್ನ ಹೆಬ್ಬೆರಳ ಗುರುತು ಪೂರ್ತಿ ಕಂದಾಗಿ ಮೂಡಿತ್ತು. ಅಲ್ಲಿಂದೀಚೆಗೆ ಎಲೆ ಮುಟ್ಟುವುದೇ ಇಲ್ಲ, ಕುಂಡವನ್ನಷ್ಟೇ ಹಿಡಿಯುತ್ತೇನೆ.

ಹಾಗಾಗಿ ಮಳೆಗಾಲದಲ್ಲಿ ಮೋಡವಿದ್ದಾಗ ನೆಟ್ ಪೂರ್ತಿ ಸರಿಸಿ, 200 ಮೈಕ್ರಾನ್ ಪಾಲಿಹೌಸ್ ಶೀಟ್ ಒಂದನ್ನೇ ಬಿಡುತ್ತೇನೆ. ಮೋಡ ಬಿಟ್ಟ ದಿನ ಹತ್ತು ಗಂಟೆಗೆ ನೆಟ್ ಎಳೆಯಬೇಕು. ಯಾವ ದಿನ ಎಳೆಯಬೇಕು ಅಂತ ಹೇಳುವ ಒಂದು ಗುರುತಿನ ಗಿಡ ನನ್ನ ಹತ್ತಿರ ಇದೆ. ಅದು ಯಾವುದು ಅನ್ನುವುದು ನನ್ನಲ್ಲೇ ಇರಲಿ. ಶೀಟನ್ನು ಹೊಸದಾಗಿ ಕೊಳ್ಳುವ ಅಗತ್ಯವಿಲ್ಲ. ಗುಲಾಬಿ, ಕ್ಯಾಪ್ಸಿಕಂ ಪಾಲಿಹೌಸಿನವರು ಶೀಟ್ ಬದಲಿಸುವಾಗ ಕೇಳಿದರೆ ತುಂಡು ಸುಮ್ನೆ ಕೊಡುತ್ತಾರೆ. ಆದರೆ ತೊಳೆಯಿರಿ. ಜಲ್ಲಿ ಲಾರಿ ಓಡಾಡುವ ರಸ್ತೆ ಪಕ್ಕದ ಮನೆ ನಮ್ಮದು. ಧೂಳು ಕೂತ ಶೀಟ್ ಒರೆಸಿ ಅಳೆದಾಗ ಬೆಳಕು ಕಾಲು ಭಾಗ ಜಾಸ್ತಿಯಾಗಿತ್ತು.

ಶಿಡ್ಲಘಟ್ಟದವನಾಗಿ, ರೇಷ್ಮೆ ಹುಳು ಗೂಡು ಕಟ್ಟುವ ಚಂದ್ರಿಕೆಯ ಪ್ರಯೋಗ ಹೇಳದಿದ್ದರೆ ಹೇಗೆ? ಅದೇ ಕೆಲಸಕ್ಕೆ ಪ್ಲಾಸ್ಟಿಕ್ ನೇತ್ರಿಕೆ ಬಂದ ಮೇಲೆ ನಮ್ಮ ರೇಷ್ಮೆ ಹುಳು ಮನೆಯಲ್ಲಿ ಬಿದಿರಿನ ಚಂದ್ರಿಕೆಗಳು ಸೌದೆಗೆ ಕಾಯುತ್ತಿದ್ದವು. ಅವನ್ನು ಮೇಲೆ ಚಪ್ಪರದಂತೆ ಹಾಸಿದರೆ ಕತ್ತಲು, ಹಿಂದೆ ಚಾಪೆ ಇರುತ್ತದಲ್ಲ. ಪಡುವಣಕ್ಕೆ ನಿಲ್ಲಿಸಿ ಕಟ್ಟಿದೆ. ಮಾರ್ಚ್, ಏಪ್ರಿಲ್‌ನ ಮೂರು ಗಂಟೆ ಬಿಸಿಲಿಗೆ ಇದಕ್ಕಿಂತ ಒಳ್ಳೆಯ ಮರೆ ನಾನು ನೋಡಿಲ್ಲ. ಆಷಾಢದ ಗಾಳಿಗೆ ಮಾತ್ರ ಎರಡು ಬಿದ್ದು, ಅಡಿಯಲ್ಲಿದ್ದ ಅಡೇನಿಯಂ ಕೊಂಬೆ ಮುರಿದವು. ಈಗ ಶಿವರಾತ್ರಿಗೆ ಕಟ್ಟಿ, ಆಷಾಢ ಹುಟ್ಟುವ ಮುಂಚೆ ಬಿಚ್ಚುತ್ತೇನೆ.

ಲೈಟಿನ ಹುಚ್ಚೂ ಹಿಡಿದಿತ್ತು. ಆನ್‌ಲೈನ್‌ನಲ್ಲಿ ತರಿಸಿದ ನೇರಳೆ ಬಣ್ಣದ ದೀಪ ಎರಡೂವರೆ ಸಾವಿರ, ಒಂದು ಮಳೆಗಾಲ ಮುಗಿಯುವುದರೊಳಗೆ ಅರ್ಧ ಬಲ್ಬ್ ಸತ್ತವು. ಆಮೇಲೆ ಹುಳು ಮನೆ ಸ್ಟ್ಯಾಂಡಿಗೆ ಸಾಮಾನ್ಯ 20 ವ್ಯಾಟ್ ಬಿಳಿ ಎಲ್‌ಇಡಿ ಟ್ಯೂಬ್ ಕಟ್ಟಿದೆ, ಗಿಡದಿಂದ ಅರ್ಧ ಅಡಿ ಮೇಲೆ, ದಿನಕ್ಕೆ ಹನ್ನೆರಡು ಗಂಟೆ. ಟ್ಯೂಬಿಗೆ ತಿಂಗಳಿಗೆ ಏಳು ಯೂನಿಟ್. ಎಂಟು ಟ್ಯೂಬ್ ಹಾಕಿದ ತಿಂಗಳು ನಮ್ಮ ಗೃಹಜ್ಯೋತಿ ಲೆಕ್ಕ ದಾಟಿ ಬಿಲ್ ಬಂತು, ಮನೆಯಲ್ಲಿ ಮಾತು ಬಂತು. ಎಚೆವೇರಿಯಾಗೆ ಆ ಬೆಳಕಲ್ಲಿ ಬಣ್ಣವೂ ಬರಲಿಲ್ಲ. ಎಲೆಯಿಂದ ಮರಿ ಎಬ್ಬಿಸುವುದಕ್ಕೆ, ಹಾವರ್ಥಿಯಾಗೆ ಮಾತ್ರ ಚೆನ್ನ. ಈಗ ಎರಡೇ ಟ್ಯೂಬ್ ಉಳಿದಿವೆ. ನಮ್ಮಲ್ಲಿ ಅತಿ ಚಿಕ್ಕ ದಿನಕ್ಕೂ ಅತಿ ದೊಡ್ಡ ದಿನಕ್ಕೂ ವ್ಯತ್ಯಾಸ ಒಂದೂವರೆ ಗಂಟೆ. ಅದಕ್ಕಾಗಿ ಕರೆಂಟ್ ಸುಡಬೇಕಾ?

ಉಳಿದವುಗಳ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಅಡೇನಿಯಂ, ಯುಫೋರ್ಬಿಯಾಗೆ ನೆಟ್ಟೇ ಬೇಡ. ಜೇಡ್ ಎಲ್ಲಿಟ್ಟರೂ ಬದುಕುತ್ತದೆ. ಹಾವರ್ಥಿಯಾ ಇಟ್ಟಿಗೆ ಬಣ್ಣಕ್ಕೆ ತಿರುಗಿತು ಅಂದರೆ ಬಿಸಿಲು ಜಾಸ್ತಿ ಆಯಿತು ಅಂತ ಅರ್ಥ, ಒಳಗೆ ಸರಿಸಿದರೆ ಮತ್ತೆ ಹಸಿರಾಗುತ್ತದೆ. ಕೆಂಪು ತಲೆಯ ಕಸಿ ಕ್ಯಾಕ್ಟಸ್ ಒಂದೇ ತಲೆನೋವು. ಮೇಲಿನ ಕೆಂಪು ಭಾಗಕ್ಕೆ ನೆರಳು ಬೇಕು, ಕೆಳಗಿನ ಡ್ರ್ಯಾಗನ್ ಫ್ರೂಟ್ ಕಾಂಡಕ್ಕೆ ಬೆಳಕು ಬೇಕು. ಅದನ್ನು ಸಾಕುವುದು ಬಿಟ್ಟೆ, ತಂದು ಮಾರುವುದಷ್ಟೇ.

ಮಾರುವಾಗ ಪ್ರತಿ ಕುಂಡಕ್ಕೂ ಒಂದು ಚೀಟಿ ಅಂಟಿಸುತ್ತೇನೆ: ಮೊದಲ ವಾರ ಬೆಳಗಿನ ಎಂಟು ಗಂಟೆವರೆಗಿನ ಬಿಸಿಲು, ಆಮೇಲೆ ವಾರಕ್ಕೆ ಒಂದೊಂದು ಗಂಟೆ ಜಾಸ್ತಿ. ಚೀಟಿ ಓದದೆ ಸುಟ್ಟುಕೊಂಡು ಬಂದವರಿಗೆ ಬದಲಿ ಗಿಡ ಕೊಡುವುದಿಲ್ಲ. ನಡುವಿನ ಕುಡಿ ಹಸಿರಾಗಿದ್ದರೆ, ನೂರು ರೂಪಾಯಿ ತೆಗೆದುಕೊಂಡು ಮೂರು ತಿಂಗಳು ನಮ್ಮ ನೆಟ್ಟಿನಡಿ ಇಟ್ಟು ಸರಿ ಮಾಡಿ ಕೊಡುತ್ತೇನೆ. ಈ ಸಲ ಅಂಥವು ಒಂದು ಸ್ಟ್ಯಾಂಡ್ ತುಂಬಿವೆ.